ಪಾಂಡುರೋಗದ ಮರೆಯಲ್ಲಿ ಅಡಗುವ ಒಂದು ವ್ಯಾಧಿ

ಪೀಠಿಕೆ

ಹೆಣ್ಣುಮಕ್ಕಳ ಮುಖವು ಬಿಳುಪೇರಿದುದನ್ನು ಕಂಡರೆ ನಮ್ಮ ಸೀಮೆಯಲ್ಲಿ ಯಾರೂ ಬೆರಗಾಗುವದಿಲ್ಲ. ಓದಿನ ಭಾರ, ಮನೆಗೆಲಸ, ತಿಂಗಳ ಸ್ರಾವ, ಊಟದ ಕೊರತೆ, ಇವುಗಳಲ್ಲಿ ಯಾವದಾದರೊಂದು ಕಾರಣವನ್ನು ಹೇಳಿ ಸುಮ್ಮನಾಗುತ್ತೇವೆ. ಹೀಗೆ ಸುಮ್ಮನಾಗುವದಕ್ಕೆ ಆಧಾರವಿಲ್ಲವೆಂದೂ ಹೇಳಲಾಗದು. 2019ರಿಂದ 2021ರ ವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನ ಭಾರತೀಯ ಸ್ತ್ರೀಯರಲ್ಲಿ ನೂರಕ್ಕೆ 57 ಮಂದಿ ರಕ್ತಹೀನತೆಯುಳ್ಳವರು. ಕಬ್ಬಿಣಾಂಶದ ಕೊರತೆಯು ಅದರ ಮುಖ್ಯ ಕಾರಣಗಳಲ್ಲಿ ಒಂದು. ಆದರೆ ಇಷ್ಟು ಮಂದಿ ಬಿಳುಪಾಗಿರುವ ಸಮಾಜದಲ್ಲಿ ಬೇರೊಂದು ಕಾರಣದಿಂದ ಬಿಳುಪಾದವಳು ಯಾರ ಕಣ್ಣಿಗೂ ಬೀಳುವದಿಲ್ಲ. ಸಾಮಾನ್ಯ ರೋಗವೇ ವಿರಳ ರೋಗಕ್ಕೆ ಮರೆಯಾಗಿ ನಿಲ್ಲುತ್ತದೆ.

ನಮ್ಮ ಶಾಲೆಯ ಪೂರ್ವ ವಿದ್ಯಾರ್ಥಿನಿಯರಲ್ಲಿ ಬಹುಮಂದಿ ಈಗ ತಾಯಂದಿರು. ಕೆಲವರು ಉಪಾಧ್ಯಾಯಿನಿಯರು, ಕೆಲವರು ದಾದಿಯರು. ಕುಡಚಿ, ರಾಯಬಾಗ, ಅಥಣಿ, ಚಿಕ್ಕೋಡಿ, ನಿಪ್ಪಾಣಿ, ಕಾಗವಾಡಗಳ ಮನೆಗಳಲ್ಲಿ ಮಗಳ ಮುಖವನ್ನು ದಿನವೂ ನೋಡುವವರು ಇವರೇ. ಆದದರಿಂದ ಮಜ್ಜೆ ಮತ್ತು ರಕ್ತಗಳಿಗೆ ತಗಲುವ ಒಂದು ವಿರಳ ವ್ಯಾಧಿಯನ್ನು ಕುರಿತು ಈ ಪಾಠವನ್ನು ಬರೆಯಲು ನಾವು ಉದ್ಯುಕ್ತರಾಗಿದ್ದೇವೆ. ರೋಗವು ವಿರಳವೆಂಬುದು ನಿಜ. ಆದರೆ ಯಾವ ಮನೆಗೆ ಅದು ಬಂದಿತೋ ಆ ಮನೆಗೆ ಅದು ವಿರಳವಲ್ಲ.

ಮಜ್ಜೆಯ ಕೆಲಸ

ಎಲುಬು ಎಂದರೆ ಒಣ ಕೊರಡಲ್ಲ. ಟೊಂಕದ ಎಲುಬು, ಎದೆಯ ನಡುವಿನ ಎಲುಬು, ಪಕ್ಕೆಲುಬು, ಬೆನ್ನೆಲುಬುಗಳ ಒಳಗೆ ಕೆಂಪಾದ ಮೆದು ಪದಾರ್ಥವೊಂದು ತುಂಬಿರುವದು. ಇದಕ್ಕೆ ಅಸ್ಥಿಮಜ್ಜೆ ಎಂದು ಹೆಸರು. ನಮ್ಮ ರಕ್ತದ ಕಣಗಳೆಲ್ಲ ಇಲ್ಲಿಯೇ ಹುಟ್ಟುವವು. ಅಲ್ಲಿರುವ ಕೆಲವೇ ಮೂಲಕಣಗಳು ಬೀಜದ ಜೋಳದಂತೆ ತಾವೂ ಉಳಿದು, ಬೆಳೆಯನ್ನೂ ಕೊಡುತ್ತವೆ. ಒಂದು ಸೆಕೆಂಡಿನಲ್ಲಿ ಸುಮಾರು 20 ಲಕ್ಷ ಕೆಂಪು ಕಣಗಳು ಈ ಮಜ್ಜೆಯಿಂದ ಹೊರಡುವವೆಂದು ಲೆಕ್ಕ ಮಾಡಿದ್ದಾರೆ.

ಮಜ್ಜೆಯ ಬೆಳೆ ಮೂರು ವಿಧವಾದದ್ದು. ಕೆಂಪು ಕಣಗಳು ಪ್ರಾಣವಾಯುವನ್ನು ಹೊತ್ತು ಅಂಗಾಂಗಗಳಿಗೆ ಮುಟ್ಟಿಸುವವು. ಅವುಗಳ ಆಯುಷ್ಯ ಸುಮಾರು 120 ದಿನ. ಬಿಳಿ ಕಣಗಳು ರೋಗಾಣುಗಳೊಡನೆ ಹೋರಾಡುವವು. ಪ್ಲೇಟ್‌ಲೆಟ್ ಎಂಬ ಕಿರುಬಿಲ್ಲೆಗಳು ಗಾಯವಾದಲ್ಲಿ ಕೂಡಿಕೊಂಡು ರಕ್ತವನ್ನು ತಡೆಯುವವು. ಇವು ಬದುಕುವದು ಎಂಟು ಹತ್ತು ದಿನ ಮಾತ್ರ. ಮಜ್ಜೆಯ ಕೆಲಸವು ಕೆಟ್ಟರೆ ಮೂರೂ ಕುಂದಬಹುದು: ಕೆಂಪು ಕಣ ಕುಂದಿದರೆ ಬಿಳುಪು ಮತ್ತು ಏದುಸಿರು, ಬಿಳಿ ಕಣ ಕುಂದಿದರೆ ಮರಮರಳಿ ಬರುವ ಜ್ವರ, ಕಿರುಬಿಲ್ಲೆ ಕುಂದಿದರೆ ವಸಡಿನಿಂದಲೂ ಮೂಗಿನಿಂದಲೂ ಹರಿಯುವ ರಕ್ತ ಮತ್ತು ಪೆಟ್ಟಿಲ್ಲದೆ ಮೂಡುವ ನೀಲಿ ಕಲೆಗಳು. ಬರಿಯ ಕಬ್ಬಿಣಾಂಶದ ಕೊರತೆಯಲ್ಲಿ ಮೊದಲನೆಯದು ಮಾತ್ರ ಕಾಣುವದು. ಈ ಭೇದವನ್ನು ತಾಯಂದಿರು ಚೆನ್ನಾಗಿ ನೆನಪಿಡತಕ್ಕದ್ದು.

ಅಕ್ಕತಂಗಿಯರಂಥ ಎರಡು ರೋಗಗಳು

ನಾವು ಹೇಳಹೊರಟಿರುವ ವ್ಯಾಧಿಗೆ ಎರಡು ಮುಖಗಳುಂಟು. ಮೊದಲನೆಯದಕ್ಕೆ ಎಪ್ಲಾಸ್ಟಿಕ್ ಎನೀಮಿಯಾ ಎಂದು ಹೆಸರು. ಮಜ್ಜೆಯ ಬರಗಾಲವೆಂದು ನಾವು ಇದನ್ನು ಕರೆಯಬಹುದು. ದೇಹವನ್ನು ಕಾಯಬೇಕಾದ ಬಿಳಿ ಕಣಗಳಲ್ಲಿ ಒಂದು ಪಂಗಡವು ದಾರಿತಪ್ಪಿ ತನ್ನದೇ ಮಜ್ಜೆಯ ಮೂಲಕಣಗಳನ್ನು ನಾಶಮಾಡುವದು. ಬೀಜವೇ ಹೋದ ಮೇಲೆ ಬೆಳೆ ಎಲ್ಲಿಂದ ಬರಬೇಕು? ಬಹುಮಂದಿಯಲ್ಲಿ ಇದಕ್ಕೆ ಕಾರಣವು ಸಿಕ್ಕುವದಿಲ್ಲ. ಕೆಲವರಲ್ಲಿ ಔಷಧಿ, ಬೆಂಜೀನ್ ಮುಂತಾದ ದ್ರವ, ಯಕೃತ್ತಿನ ಉರಿಯೂತ ಇವು ಕಾರಣವಾದದ್ದುಂಟು. ಈ ರೋಗವು ಯೂರೋಪಿಗಿಂತ ಪೂರ್ವ ದೇಶಗಳಲ್ಲಿ ಎರಡು ಮೂರು ಪಟ್ಟು ಹೆಚ್ಚೆಂದು ಕಂಡುಬಂದಿದೆ. ಥಾಯ್ಲೆಂಡದಲ್ಲಿ ನಡೆದ ದೊಡ್ಡ ಅಧ್ಯಯನವೊಂದು ಕೆಲವು ಕೀಟನಾಶಕಗಳ ಸಂಪರ್ಕಕ್ಕೂ ಈ ರೋಗಕ್ಕೂ ನಂಟನ್ನು ತೋರಿಸಿತು. ಕೃಷ್ಣೆಯ ದಂಡೆಯಲ್ಲಿ ಕಬ್ಬು, ಕಾಯಿಪಲ್ಯ ಬೆಳೆಯುವ ನಮ್ಮ ಜನರು ಔಷಧಿ ಹೊಡೆಯುವಾಗ ಬಾಯಿ ಮೂಗುಗಳನ್ನು ಮುಚ್ಚಿಕೊಂಡು, ಕೆಲಸ ತೀರಿದೊಡನೆ ಕೈಮೈ ತೊಳೆದು, ಖಾಲಿ ಡಬ್ಬಿಗಳನ್ನು ಮನೆಯ ಬಳಕೆಗೆ ತಾರದೆ ಇರುವದು ಒಳ್ಳೆಯದು.

ಎರಡನೆಯ ರೋಗದ ಹೆಸರು ಬಲು ಉದ್ದವಾದದ್ದು: ಪ್ಯಾರಾಕ್ಸಿಸ್ಮಲ್ ನಾಕ್ಟರ್ನಲ್ ಹೀಮೋಗ್ಲೋಬಿನೂರಿಯಾ. ಬಿಟ್ಟು ಬಿಟ್ಟು ಬರುವ, ರಾತ್ರಿಯಲ್ಲಿ ತೋರುವ, ರಕ್ತದ ಬಣ್ಣವು ಮೂತ್ರದಲ್ಲಿ ಇಳಿಯುವ ರೋಗ ಎಂದು ಇದರ ಅರ್ಥ. ವೈದ್ಯರು ಪಿ.ಎನ್.ಎಚ್. ಎನ್ನುವರು, ನಾವೂ ಹಾಗೆಯೇ ಕರೆಯೋಣ. ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ಸುಮಾರು ಒಬ್ಬರಿಗೆ ಮಾತ್ರ ಇದು ಹೊಸದಾಗಿ ತಗಲುವದೆಂದು ಅಂದಾಜು. ಸ್ತ್ರೀ ಪುರುಷರೆಂಬ ಭೇದ ಇದಕ್ಕಿಲ್ಲ, ಪ್ರಾಯದವರಲ್ಲಿ ಹೆಚ್ಚು.

ಇದು ಆಗುವ ರೀತಿ ಹೀಗೆ. ನಮ್ಮ ರಕ್ತದ ನೀರಿನಲ್ಲಿ ಕಾಂಪ್ಲಿಮೆಂಟ್ ಎಂಬ ಕಾವಲುಪಡೆಯುಂಟು. ಹೊರಗಿನಿಂದ ಬಂದ ರೋಗಾಣುಗಳ ಮೈಯನ್ನು ತೂತುಮಾಡಿ ಕೊಲ್ಲುವದು ಅದರ ಕೆಲಸ. ಸ್ವಂತ ಕಣಗಳನ್ನು ಅದು ಕೊಲ್ಲದಂತೆ ನಮ್ಮ ಪ್ರತಿಯೊಂದು ರಕ್ತಕಣವೂ ಮೈಮೇಲೆ ರಕ್ಷಾಕವಚವನ್ನು ತೊಟ್ಟಿರುವದು. ಆ ಕವಚವನ್ನು ಕಣದ ಮೈಗೆ ಸಿಕ್ಕಿಸುವ ಕೊಕ್ಕೆಯನ್ನು ಮಾಡುವದಕ್ಕೆ ಪಿಗ್-ಎ ಎಂಬ ಒಂದು ಜೀನು ಬೇಕು. ಜನನದ ಎಷ್ಟೋ ವರ್ಷಗಳ ಮೇಲೆ, ಮಜ್ಜೆಯ ಒಂದೇ ಒಂದು ಮೂಲಕಣದಲ್ಲಿ ಈ ಜೀನು ಕೆಡುವದುಂಟು. ಆಗ ಆ ಕಣದ ಸಂತತಿಯೆಲ್ಲ ಕವಚವಿಲ್ಲದೆ ಹುಟ್ಟುವದು. ಕಾವಲುಪಡೆಯು ಅದನ್ನು ಪರಕೀಯವೆಂದು ಬಗೆದು ಒಡೆಯುವದು. ಒಡೆದ ಕೆಂಪು ಕಣದ ಬಣ್ಣವು ಮೂತ್ರದೊಡನೆ ಹೊರಬೀಳುವದು.

ಇವೆರಡನ್ನೂ ಅಕ್ಕತಂಗಿಯರೆಂದು ಕರೆದುದಕ್ಕೆ ಕಾರಣವುಂಟು. ಮಜ್ಜೆಯಲ್ಲಿ ಬರಗಾಲ ಬಂದು ಒಳ್ಳೆಯ ಬೀಜಗಳು ನಾಶವಾಗುವಾಗ ಈ ಕೊಕ್ಕೆಯಿಲ್ಲದ ಕಣಗಳು ಹೇಗೋ ಉಳಿದುಕೊಂಡು ಬೆಳೆಯುವವು. ಬೆಳೆ ಒಣಗಿದ ಹೊಲದಲ್ಲಿ ಕಳೆ ಹಬ್ಬಿದ ಹಾಗೆ. ಆದಕಾರಣ ಮೊದಲನೆಯ ರೋಗವಿದ್ದವರಲ್ಲಿ ಎರಡನೆಯದು ತಲೆದೋರುವದೂ, ಎರಡನೆಯದು ಇದ್ದವರಲ್ಲಿ ಮೊದಲನೆಯದು ಅಡಗಿರುವದೂ ವಾಡಿಕೆ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಪಿ.ಎನ್.ಎಚ್. ಅಂಟುರೋಗವಲ್ಲ, ವಂಶದಿಂದ ಬಂದುದಲ್ಲ, ಮಕ್ಕಳಿಗೆ ಇಳಿಯುವದೂ ಇಲ್ಲ. ಮಜ್ಜೆಯ ಬರಗಾಲವೂ ದೊಡ್ಡವರಲ್ಲಿ ಬಹುತೇಕ ಹಾಗೆಯೇ. ಚಿಕ್ಕವರಲ್ಲಿ ಮಾತ್ರ ಕೆಲವೊಮ್ಮೆ ಹುಟ್ಟಿನಿಂದ ಬಂದ ಕಾರಣವಿರುವದರಿಂದ ವೈದ್ಯರು ಅದನ್ನು ಪ್ರತ್ಯೇಕವಾಗಿ ಪರೀಕ್ಷಿಸುವರು. ದೃಷ್ಟಿ ತಗಲಿತೆಂದೂ, ಹಿರಿಯರ ಪಾಪವೆಂದೂ, ಮನೆತನಕ್ಕೆ ದೋಷವುಂಟೆಂದೂ ಆಡುವ ಮಾತುಗಳು ಸುಳ್ಳು. ಮತ್ತು ಈ ಸುಳ್ಳಿನ ಭಾರವನ್ನು ಹೊರುವವಳು ಮದುವೆಗೆ ಬಂದ ಹುಡುಗಿ. ಒಬ್ಬಳ ರೋಗವನ್ನು ಮುಚ್ಚಿಟ್ಟರೆ ತಂಗಿಯರ ಲಗ್ನವು ಸುಗಮವಾಗುವದೆಂದು ಎಣಿಸಿ ಪರೀಕ್ಷೆಯನ್ನೇ ಮುಂದೂಡುವದು ಆಕೆಯ ಜೀವದೊಡನೆ ಆಡುವ ಜೂಜು.

ತಿಳಿವಳಿಕೆಯು ಬೆಳೆದು ಬಂದ ಬಗೆ

1882ರಲ್ಲಿ ಜರ್ಮನಿಯ ಗ್ರೈಫ್ಸ್‌ವಾಲ್ಡ್ ಎಂಬ ಪಟ್ಟಣದ ಪೌಲ್ ಸ್ಟ್ರ್ಯೂಬಿಂಗ್ ಎಂಬ ವೈದ್ಯನು 29 ವರ್ಷದ ಒಬ್ಬ ಬಂಡಿ ಮಾಡುವ ಬಡಗಿಯನ್ನು ಪರೀಕ್ಷಿಸಿದನು. ಆ ಬಡಗಿಗೆ ದಣಿವು, ಹೊಟ್ಟೆನೋವು, ಬೆಳಗಿನಲ್ಲಿ ಕಪ್ಪಾದ ಮೂತ್ರ. ಕಣಗಳು ನಿದ್ರೆಯಲ್ಲಿ ರಕ್ತವು ತುಸು ಆಮ್ಲವಾಗುವದರಿಂದ ರಕ್ತನಾಳಗಳ ಒಳಗೇ ಒಡೆಯುತ್ತವೆಂದು ಸ್ಟ್ರ್ಯೂಬಿಂಗನು ತರ್ಕಿಸಿದನು. 1888ರಲ್ಲಿ ಪೌಲ್ ಎರ್ಲಿಕ್ ಎಂಬ ಮತ್ತೊಬ್ಬ ಜರ್ಮನ್ ಪಂಡಿತನು ಗರ್ಭಿಣಿಯಾದ ಒಬ್ಬ ಯುವತಿಯ ಮರಣವನ್ನು ವಿವರಿಸುತ್ತ, ಆಕೆಯ ಮಜ್ಜೆಯು ಬರಿದಾಗಿದ್ದುದನ್ನು ತೋರಿಸಿದನು. ಹೀಗೆ ಅಕ್ಕತಂಗಿಯರಿಬ್ಬರೂ ಆರು ವರ್ಷಗಳ ಅಂತರದಲ್ಲಿ ವೈದ್ಯಶಾಸ್ತ್ರದ ಕಣ್ಣಿಗೆ ಬಿದ್ದರು. 1937ರಲ್ಲಿ ಅಮೇರಿಕೆಯ ಥಾಮಸ್ ಹ್ಯಾಮ್ ಎಂಬವನು ಆಮ್ಲ ಬೆರೆಸಿದ ರಕ್ತದ ನೀರಿನಲ್ಲಿ ಈ ರೋಗಿಗಳ ಕಣಗಳು ಕರಗುವದನ್ನು ತೋರಿಸಿ ಒಂದು ಪರೀಕ್ಷೆಯನ್ನು ಕೊಟ್ಟನು. ಜೀನಿನ ಗುಟ್ಟು ಜಪಾನಿನ ವಿಜ್ಞಾನಿಗಳಿಂದ ಬಯಲಾದದ್ದು 1993ರಲ್ಲಿ.

ನಮ್ಮ ಬೆಳಗಾವಿ ಜಿಲ್ಲೆಯು ಸೇರಿದ್ದ ಮುಂಬಯಿ ಇಲಾಖೆಯಲ್ಲಿಯೂ ರಕ್ತಹೀನತೆಯ ಸಂಶೋಧನೆ ನಡೆದದ್ದು ಇಲ್ಲಿ ಸ್ಮರಣೀಯ. 1928ರಲ್ಲಿ ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆಯು ಮುಂಬಯಿಗೆ ಬಂದು, ಗಿರಣಿಗಳಲ್ಲಿ ದುಡಿಯುತ್ತಿದ್ದ ಬಡ ಗರ್ಭಿಣಿಯರ ವಿಚಿತ್ರ ರಕ್ತಹೀನತೆಯನ್ನು ಅಭ್ಯಾಸ ಮಾಡಿದಳು. ಅದು ಕಬ್ಬಿಣಾಂಶದ ಕೊರತೆಯಾಗಿರಲಿಲ್ಲ. ಯೀಸ್ಟಿನ ಸಾರವನ್ನು ಕೊಟ್ಟು ಆಕೆ ಅದನ್ನು ಗುಣಪಡಿಸಿದಳು. ಆ ಸಾರದಲ್ಲಿದ್ದ ಸತ್ವಕ್ಕೆ ಮುಂದೆ ಫೋಲಿಕ್ ಆಮ್ಲವೆಂದು ಹೆಸರಾಯಿತು. ಎಲ್ಲ ಬಿಳುಪೂ ಒಂದೇ ಅಲ್ಲವೆಂಬ ಪಾಠವನ್ನು ಆ ವೈದ್ಯೆಯು ಆಗಲೇ ಕಲಿಸಿದ್ದಾಳೆ. ಇಂದಿಗೂ ಪಿ.ಎನ್.ಎಚ್. ರೋಗಿಗಳಿಗೆ ಫೋಲಿಕ್ ಆಮ್ಲದ ಮಾತ್ರೆಯನ್ನು ಕೊಡುವದು ರೂಢಿ. ಒಡೆದ ಕಣಗಳ ಸ್ಥಾನದಲ್ಲಿ ಹೊಸ ಕಣಗಳನ್ನು ಮಾಡಲು ಅದು ಬೇಕು.

ಗುರುತಿಸುವ ಬಗೆ

ಕುಡಚಿಯ ಒಂದು ಒಕ್ಕಲು ಮನೆಯಲ್ಲಿ ಹದಿನೇಳು ವರ್ಷದ ಹುಡುಗಿಯೊಬ್ಬಳಿಗೆ ಈ ರೋಗವು ಬಂದಿತೆಂದು ಊಹಿಸೋಣ. ಮೊದಲು ಆಕೆಗೆ ನಿಶ್ಶಕ್ತಿ, ಮಾಳಿಗೆಯನ್ನೇರಿದರೆ ಏದುಸಿರು. ಕಣ್ಣು ತುಸು ಹಳದಿಯಾದರೆ ಕಾಮಣಿ ಎಂದು ಗಿಡಮೂಲಿಕೆಯ ರಸವನ್ನು ಕುಡಿಸುವರು. ಹೊಟ್ಟೆ ನೊಂದರೆ ಅಜೀರ್ಣವೆನ್ನುವರು. ಬೆಳಗಿನ ಮೂತ್ರವು ಹಾಲಿಲ್ಲದ ಚಹದಂತೆ ಕಂದಾಗಿರುವದನ್ನು ಹುಡುಗಿಯು ತಾನೇ ಬಲ್ಲಳು. ಆದರೆ ನಾಚಿಕೆಯಿಂದ ಯಾರಿಗೂ ಹೇಳಳು. ಹೇಳಿದರೂ ಮೈಯಲ್ಲಿ ಉಷ್ಣವಾಗಿದೆ ಎಂದು ಎಳನೀರನ್ನು ಕೊಡುವರು. ಈ ಒಂದು ಸಂಗತಿಯನ್ನು ಮಗಳು ಸಂಕೋಚವಿಲ್ಲದೆ ತಾಯಿಗೆ ಹೇಳುವಂಥ ಸಲಿಗೆಯಿದ್ದರೆ ರೋಗನಿರ್ಣಯಕ್ಕೆ ಎಷ್ಟೋ ತಿಂಗಳುಗಳು ಉಳಿಯುವವು.

ಹೆಸರಿನಲ್ಲಿ ರಾತ್ರಿಯೆಂಬ ಮಾತಿದ್ದರೂ ಕಣಗಳು ಹಗಲಿರುಳೂ ಒಡೆಯುತ್ತಿರುವವು. ರಾತ್ರಿಯೆಲ್ಲ ಕೂಡಿದ ಮೂತ್ರವು ದಟ್ಟವಾಗಿರುವದರಿಂದ ಬೆಳಿಗ್ಗೆ ಬಣ್ಣ ಎದ್ದುಕಾಣುವದು, ಅಷ್ಟೇ. ಎಷ್ಟೋ ರೋಗಿಗಳಲ್ಲಿ ಈ ಬಣ್ಣವು ಮೊದಮೊದಲು ಕಾಣುವದೇ ಇಲ್ಲ. ಆದದರಿಂದ ಬಣ್ಣವಿಲ್ಲವೆಂದು ನಿಶ್ಚಿಂತರಾಗಲಾಗದು.

ಇನ್ನೊಂದು ಮೋಸವುಂಟು. ಪಿ.ಎನ್.ಎಚ್. ರೋಗದಲ್ಲಿ ಒಡೆದ ಕಣಗಳ ಕಬ್ಬಿಣವು ಮೂತ್ರದೊಡನೆ ಹೋಗುವದರಿಂದ ರೋಗಿಗೆ ಕಬ್ಬಿಣಾಂಶದ ಕೊರತೆಯೂ ನಿಜವಾಗಿ ಉಂಟಾಗುವದು. ಕಬ್ಬಿಣದ ಮಾತ್ರೆಯಿಂದ ರಕ್ತವು ತುಸು ಏರುವದು, ಮನೆಯವರು ಸಮಾಧಾನಪಡುವರು, ಮತ್ತೆ ಇಳಿಯುವದು. ಎರಡು ಮೂರು ತಿಂಗಳು ಕಬ್ಬಿಣದ ಮಾತ್ರೆಯನ್ನು ತಪ್ಪದೆ ಕೊಟ್ಟರೂ ಏರದ, ಅಥವಾ ಏರಿ ಮತ್ತೆ ಮತ್ತೆ ಇಳಿಯುವ ರಕ್ತಹೀನತೆಗೆ ಇನ್ನೊಂದು ಬಾಟಲಿ ಟಾನಿಕ್ಕು ಉತ್ತರವಲ್ಲ. ಪರೀಕ್ಷೆಯೇ ಉತ್ತರ.

ಪರೀಕ್ಷೆಯ ಮೊದಲ ಮೆಟ್ಟಿಲು ಅಗ್ಗವಾದದ್ದು. ಹೀಮೋಗ್ಲೋಬಿನ್ ಒಂದನ್ನೇ ನೋಡದೆ, ಮೂರೂ ಬಗೆಯ ಕಣಗಳನ್ನು ಎಣಿಸುವ ಸಂಪೂರ್ಣ ರಕ್ತಪರೀಕ್ಷೆಯನ್ನು ಮಾಡಿಸಬೇಕು. ಕಿರುಬಿಲ್ಲೆಗಳು ಸಾಮಾನ್ಯವಾಗಿ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷದ ವರೆಗೆ ಇರುವವು. ಅವು 20,000ಕ್ಕಿಂತಲೂ, ನ್ಯೂಟ್ರೋಫಿಲ್ ಎಂಬ ಬಿಳಿ ಕಣಗಳು 500ಕ್ಕಿಂತಲೂ ಇಳಿದರೆ ಮಜ್ಜೆಯ ಬರಗಾಲವು ತೀವ್ರವೆಂದು ಎಣಿಸುವರು. ಎರಡನೆಯ ಮೆಟ್ಟಿಲಿನಲ್ಲಿ, ಹೊಸದಾಗಿ ಹುಟ್ಟುತ್ತಿರುವ ಕೆಂಪು ಕಣಗಳ ಎಣಿಕೆಯೂ, ಕಣಗಳು ಒಡೆಯುತ್ತಿರುವದನ್ನು ತಿಳಿಸುವ ಎಲ್.ಡಿ.ಎಚ್. ಎಂಬ ಪರೀಕ್ಷೆಯೂ ಬರುವವು. ಮೂರನೆಯದು ಫ್ಲೋ ಸೈಟೊಮೆಟ್ರಿ ಎಂಬ ಯಂತ್ರದಿಂದ ಕವಚವಿಲ್ಲದ ಕಣಗಳನ್ನು ಎಣಿಸುವ ಪರೀಕ್ಷೆ. ಹ್ಯಾಮನ ಹಳೆಯ ಪರೀಕ್ಷೆಯ ಸ್ಥಾನವನ್ನು ಈಗ ಇದು ತೆಗೆದುಕೊಂಡಿದೆ. ಇದರೊಡನೆ ಟೊಂಕದ ಎಲುಬಿನಿಂದ ತುಸು ಮಜ್ಜೆಯನ್ನು ತೆಗೆದು ನೋಡುವರು. ಆ ಜಾಗವನ್ನು ಮರಗಟ್ಟಿಸಿ ಮಾಡುವ ಈ ಪರೀಕ್ಷೆಯಿಂದ ಹುಡುಗಿಯು ಕುಂಟಿಯಾಗುವಳೆಂದೂ ಬಂಜೆಯಾಗುವಳೆಂದೂ ಹಬ್ಬಿರುವ ಭಯಕ್ಕೆ ಬುಡವಿಲ್ಲ.

ಎಲ್ಲಿಗೆ ಹೋಗಬೇಕು?

ನಮ್ಮ ಸೀಮೆಗೆ ರೈಲಿನ ಹಾದಿಯೇ ದವಾಖಾನೆಯ ಹಾದಿಯೂ ಆಗಿದೆ. ಕುಡಚಿಯಿಂದ ಉತ್ತರಕ್ಕೆ ಉಗಾರ, ಶೇಡಬಾಳಗಳನ್ನು ದಾಟಿದರೆ ಮೀರಜ. ಡಾಕ್ಟರ್ ವಿಲಿಯಮ್ ವಾನ್ಲೆಸ್ ಸಾಹೇಬರು 1894ರಲ್ಲಿ ಅಲ್ಲಿ ಮಿಶನ್ ಆಸ್ಪತ್ರೆಯನ್ನು ತೆರೆದಂದಿನಿಂದ ನಮ್ಮ ಜನರು ಆ ಊರಿಗೆ ಚಿಕಿತ್ಸೆಗಾಗಿ ಹೋಗುತ್ತ ಬಂದಿದ್ದಾರೆ. ದಕ್ಷಿಣಕ್ಕೆ ರಾಯಬಾಗ, ಘಟಪ್ರಭಾಗಳ ಮೇಲಿಂದ ಬೆಳಗಾವಿ. ಅಲ್ಲಿ 1963ರಲ್ಲಿ ಆರಂಭವಾದ ಜವಾಹರಲಾಲ ನೆಹರೂ ವೈದ್ಯಕೀಯ ಕಾಲೇಜೂ ಸರಕಾರದ ವೈದ್ಯಕೀಯ ಸಂಸ್ಥೆಯೂ ಇವೆ. ಮೊದಲ ಪರೀಕ್ಷೆಗಳು ತಾಲೂಕಿನಲ್ಲಿಯೇ ಆಗುವವು. ಮಜ್ಜೆಯ ಪರೀಕ್ಷೆಗೆ ದೊಡ್ಡ ಊರು ಬೇಕು. ಕಸಿಯ ವಿಚಾರ ಬಂದಾಗ ಮುಂಬಯಿ, ಬೆಂಗಳೂರು, ವೆಲ್ಲೂರುಗಳ ಮಾತು ಬರುವದು.

ವೆಲ್ಲೂರಿನ ಹೆಸರು ಹೆಣ್ಣುಮಕ್ಕಳ ಶಾಲೆಯೊಂದರ ಸಂಚಿಕೆಯಲ್ಲಿ ಸುಮ್ಮನೆ ಹಾದುಹೋಗುವಂಥದಲ್ಲ. ಪುರುಷ ವೈದ್ಯನನ್ನು ಒಳಗೆ ಬಿಡಲೊಲ್ಲದ ಮೂರು ಮನೆಗಳಲ್ಲಿ ಒಂದೇ ರಾತ್ರಿ ಮೂವರು ಬಾಣಂತಿಯರು ಸತ್ತದ್ದನ್ನು ಕಂಡ ಐಡಾ ಸ್ಕಡರ್ ಎಂಬ ಕನ್ಯೆಯು ತಾನೇ ವೈದ್ಯೆಯಾಗಿ ಬಂದು, 1900ರಲ್ಲಿ ಒಂದೇ ಹಾಸಿಗೆಯ ಚಿಕಿತ್ಸಾಲಯವನ್ನು ತೆರೆದಳು. 1918ರಲ್ಲಿ ಹುಡುಗಿಯರಿಗಾಗಿಯೇ ವೈದ್ಯಶಾಲೆಯನ್ನು ಸ್ಥಾಪಿಸಿದಳು. ಅದೇ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ 1986ರಿಂದ ಅಸ್ಥಿಮಜ್ಜೆಯ ಕಸಿಯು ನಡೆಯುತ್ತಲಿದೆ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ 1983ರಲ್ಲಿಯೇ ಮಜ್ಜೆಯ ಕಸಿಯು ಆರಂಭವಾಗಿತ್ತು. ಮಜ್ಜೆಯ ಬರಗಾಲಕ್ಕೂ ಪಿ.ಎನ್.ಎಚ್.ಗೂ ವೆಲ್ಲೂರಿನಲ್ಲಿ ಕಸಿ ಮಾಡಿದ್ದಾರೆ. ಕನ್ನಡ ಸೀಮೆಯ ರೋಗಿಗಳು ಬೆಂಗಳೂರಿನ ಮೇಲಿಂದ ಕಾಟಪಾಡಿ ನಿಲ್ದಾಣದಲ್ಲಿ ಇಳಿದು ಅಲ್ಲಿಗೆ ಹೋಗುವರು.

ಚಿಕಿತ್ಸೆ

ಮಜ್ಜೆಯ ಬರಗಾಲಕ್ಕೆ ಎರಡು ದಾರಿಗಳು. ಪ್ರಾಯದವರಿಗೆ, ರೋಗವು ತೀವ್ರವಾಗಿದ್ದು ಒಡಹುಟ್ಟಿದವರ ಮಜ್ಜೆಯು ಹೊಂದಿಕೊಂಡರೆ, ಕಸಿಯೇ ಉತ್ತಮ. ಒಡಹುಟ್ಟಿದ ಪ್ರತಿಯೊಬ್ಬರ ಮಜ್ಜೆಯೂ ಹೊಂದುವ ಸಂಭವವು ನಾಲ್ಕರಲ್ಲಿ ಒಂದು. ತಂದೆತಾಯಿಗಳದು ಅರ್ಧ ಹೊಂದುವದು. ಈಚಿನ ವರ್ಷಗಳಲ್ಲಿ ಅರ್ಧ ಹೊಂದಿದ ಮಜ್ಜೆಯಿಂದಲೂ ಕಸಿ ಮಾಡಲು ಕಲಿತಿದ್ದಾರೆ. ಕೊಡುವವರಿಗೆ ಇದರಿಂದ ಅಂಗಹಾನಿಯಿಲ್ಲ. ಕೊಟ್ಟ ಮಜ್ಜೆಯು ಕೆಲವು ವಾರಗಳಲ್ಲಿ ಮತ್ತೆ ತುಂಬಿಕೊಳ್ಳುವದು.

ಕಸಿಯು ಸಾಧ್ಯವಾಗದವರಿಗೆ ದಾರಿತಪ್ಪಿದ ಬಿಳಿ ಕಣಗಳನ್ನು ಅಡಗಿಸುವ ಔಷಧಿಗಳನ್ನು ಕೊಡುವರು. ಕುದುರೆಯ ರಕ್ತದಿಂದ ತಯಾರಿಸಿದ ಎ.ಟಿ.ಜಿ. ಎಂಬ ಔಷಧಿಯನ್ನು ಕೆಲವು ದಿನ ರಕ್ತನಾಳದಲ್ಲಿ ಏರಿಸಿ, ಸೈಕ್ಲೋಸ್ಪೋರಿನ್ ಎಂಬುದನ್ನು ಬಹುಕಾಲ ನುಂಗಿಸುವರು. ಈಚೆಗೆ ಎಲ್ಟ್ರೊಂಬೊಪಾಗ್ ಎಂಬ ಮಾತ್ರೆಯನ್ನೂ ಕೂಡಿಸುತ್ತಾರೆ. ನೂರರಲ್ಲಿ ಅರುವತ್ತರಿಂದ ಎಪ್ಪತ್ತು ರೋಗಿಗಳಿಗೆ ಇದರಿಂದ ಗುಣ ಕಾಣುವದು. ಆದರೆ ಆ ಗುಣವು ಮೂರರಿಂದ ಆರು ತಿಂಗಳ ಮೇಲೆ ಕಾಣುವಂಥದು. ಒಂದು ತಿಂಗಳಾದ ಮೇಲೆ ಫಲವಿಲ್ಲವೆಂದು ಔಷಧಿಯನ್ನು ಬಿಡುವದು ಬಿತ್ತಿದ ವಾರದಲ್ಲಿಯೇ ತೆನೆಯನ್ನು ಹುಡುಕಿದ ಹಾಗೆ.

ಪಿ.ಎನ್.ಎಚ್. ರೋಗಕ್ಕೆ ಬಹುಕಾಲ ರಕ್ತವನ್ನು ಏರಿಸುವದರ ಹೊರತು ಹೆಚ್ಚಿನ ಉಪಾಯವಿರಲಿಲ್ಲ. ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಗೆ 1940ರಿಂದ 1970ರ ವರೆಗೆ ಬಂದ 80 ರೋಗಿಗಳ ವೃತ್ತಾಂತವು 1995ರಲ್ಲಿ ಪ್ರಕಟವಾಯಿತು. ಅವರಲ್ಲಿ ಅರ್ಧದಷ್ಟು ಜನರು ಹತ್ತು ವರ್ಷದೊಳಗೆ ತೀರಿಕೊಂಡಿದ್ದರು. ಆದರೆ 22 ಜನರು 25 ವರ್ಷ ಬದುಕಿದ್ದರು. ಹತ್ತು ವರ್ಷ ದಾಟಿದ 35 ಜನರಲ್ಲಿ 12 ಜನರಿಗೆ ರೋಗವು ತಾನಾಗಿಯೇ ಮಾಯವಾಗಿತ್ತು. ಈ ಲೆಕ್ಕದಲ್ಲಿ ಭಯಕ್ಕೂ ಸ್ಥಳವುಂಟು, ಆಶೆಗೂ ಸ್ಥಳವುಂಟು.

2007ರಲ್ಲಿ ಎಕುಲಿಜುಮಾಬ್ ಎಂಬ ಔಷಧಿಗೆ ಅಮೇರಿಕೆಯಲ್ಲಿ ಅನುಮತಿ ದೊರೆತದ್ದು ಈ ರೋಗದ ಚರಿತ್ರೆಯಲ್ಲಿ ದೊಡ್ಡ ತಿರುವು. ಅದು ಕಾವಲುಪಡೆಯ ಕೈಯನ್ನು ಹಿಡಿದು ನಿಲ್ಲಿಸುವದು. ಕಣಗಳ ಒಡೆತವೂ ರಕ್ತ ಹೆಪ್ಪುಗಟ್ಟುವ ಅಪಾಯವೂ ಬಹಳವಾಗಿ ತಗ್ಗುವವು. ಎರಡು ವಾರಕ್ಕೊಮ್ಮೆ ರಕ್ತನಾಳದಲ್ಲಿ ಏರಿಸಬೇಕಾದ ಅದರ ಬಳಿಕ, ಎಂಟು ವಾರಕ್ಕೊಮ್ಮೆ ಸಾಕಾಗುವ ಔಷಧಿಯು 2018ರಲ್ಲಿಯೂ, ಬಾಯಿಯಿಂದ ನುಂಗುವ ಇಪ್ಟಾಕೊಪಾನ್ 2023ರಲ್ಲಿಯೂ ಅಲ್ಲಿ ಅನುಮತಿ ಪಡೆದವು. ಕಾವಲುಪಡೆಯನ್ನು ತಡೆದ ಮೇಲೆ ಮೆದುಳಿನ ಪೊರೆಗೆ ಜ್ವರ ತರುವ ಮೆನಿಂಗೊಕಾಕಸ್ ಎಂಬ ರೋಗಾಣುವಿನ ಭಯವು ಹೆಚ್ಚುವದರಿಂದ ಔಷಧಿಗೆ ಮುಂಚೆ ಅದರ ಲಸಿಕೆಯನ್ನು ಹಾಕಿಸಬೇಕು. ಆದರೆ ಈ ಔಷಧಿಗಳನ್ನು ಜೀವಮಾನವೆಲ್ಲ ತೆಗೆದುಕೊಳ್ಳಬೇಕಾಗುವದು. ಅವುಗಳ ಬೆಲೆಯು ಒಕ್ಕಲಿಗನ, ಕೂಲಿಕಾರನ, ಶಿಕ್ಷಕನ ಕೈಗೆ ಎಟುಕುವಂಥದಲ್ಲ. ರೋಗವನ್ನು ಬೇರುಸಹಿತ ಕೀಳುವದು ಕಸಿಯೊಂದೇ. ಅದರಲ್ಲಿಯೂ ಜೀವದ ಅಪಾಯವುಂಟು, ಹಲವು ಲಕ್ಷ ರೂಪಾಯಿಗಳ ವೆಚ್ಚವುಂಟು. ಯಾರಿಗೆ ಯಾವದು ತಕ್ಕದ್ದೆಂಬುದನ್ನು ರಕ್ತರೋಗತಜ್ಞರೇ ನಿಶ್ಚಯಿಸತಕ್ಕದ್ದು. ಸರಕಾರದ ಆರೋಗ್ಯ ಯೋಜನೆಗಳಿಂದಲೂ ಪರಿಹಾರನಿಧಿಗಳಿಂದಲೂ ಏನು ದೊರೆಯಬಹುದೆಂದು ಆಸ್ಪತ್ರೆಯ ಸಮಾಜಸೇವಾ ವಿಭಾಗದಲ್ಲಿ ಮೊದಲ ದಿನವೇ ವಿಚಾರಿಸಬೇಕು. ಹೊಲವನ್ನು ಮಾರಿದ ಮೇಲೆ ಅಲ್ಲ.

ಮನೆಯಲ್ಲಿ ಪಾಲಿಸತಕ್ಕ ನಿಯಮಗಳು

1. ಬಿಳಿ ಕಣಗಳು ಕಡಿಮೆಯಿರುವ ರೋಗಿಗೆ ಜ್ವರವೆಂದರೆ ಅವಸರದ ಸಂಗತಿ. ಬೆಳಗಿನ ತನಕ ಕಾಯದೆ ಅದೇ ರಾತ್ರಿ ದೊಡ್ಡ ದವಾಖಾನೆಯನ್ನು ಮುಟ್ಟಿಸಬೇಕು.

2. ಕಿರುಬಿಲ್ಲೆಗಳು ಕಡಿಮೆಯಿದ್ದಾಗ ಆಸ್ಪಿರಿನ್ ಮುಂತಾದ ನೋವಿನ ಮಾತ್ರೆಗಳನ್ನು ಕೊಡಬಾರದು. ದಂಡೆಗಾಗಲಿ ಚಪ್ಪೆಗಾಗಲಿ ಚುಚ್ಚುಮದ್ದನ್ನು ಹಾಕಿಸಬಾರದು. ಸ್ನಾಯುವಿನೊಳಗೆ ರಕ್ತ ಸುರಿದು ಬಾವು ಕಟ್ಟುವದು. ಊರಿನ ವೈದ್ಯರಿಗೆ ಇದನ್ನು ಮೊದಲೇ ತಿಳಿಸಬೇಕು.

3. ಹಲ್ಲುಜ್ಜಲು ಮೆತ್ತನೆಯ ಬ್ರಷ್ಷು, ಕುಡಿಯಲು ಕಾಯಿಸಿ ಆರಿಸಿದ ನೀರು, ಉಣ್ಣಲು ಆಗತಾನೆ ಬೇಯಿಸಿದ ಅನ್ನ ಇರಲಿ. ರೋಗಿಯನ್ನು ಮುಟ್ಟುವವರೆಲ್ಲ ಕೈಯನ್ನು ಸಾಬೂನಿನಿಂದ ತೊಳೆಯಬೇಕು.

4. ಪಿ.ಎನ್.ಎಚ್. ರೋಗದಲ್ಲಿ ಅತ್ಯಂತ ಭಯಂಕರವಾದದ್ದು ರಕ್ತವು ನಾಳಗಳಲ್ಲಿ ಹೆಪ್ಪುಗಟ್ಟುವದು. ಯಕೃತ್ತಿನ ನಾಳದಲ್ಲಿ ಕಟ್ಟಿದರೆ ಹೊಟ್ಟೆ ನೊಂದು ಉಬ್ಬುವದು. ಮೆದುಳಿನಲ್ಲಿ ಕಟ್ಟಿದರೆ ತೀವ್ರ ತಲೆನೋವು, ಮಂಪರು. ಕಾಲಿನಲ್ಲಿ ಕಟ್ಟಿದರೆ ಒಂದೇ ಕಾಲಿಗೆ ಬಾವು. ಇವು ತೋರಿದೊಡನೆ ಹೊರಡಬೇಕು.

5. ಜಾತ್ರೆ, ಲಗ್ನಗಳಿಗಾಗಿ ತಿಂಗಳ ಸ್ರಾವವನ್ನು ಮುಂದೂಡುವ ಮಾತ್ರೆಗಳನ್ನೂ ಗರ್ಭನಿರೋಧಕ ಮಾತ್ರೆಗಳನ್ನೂ ತಜ್ಞರನ್ನು ಕೇಳದೆ ನುಂಗಬಾರದು. ಕೆಲವು ಮಾತ್ರೆಗಳು ಹೆಪ್ಪುಗಟ್ಟುವಿಕೆಯನ್ನು ಹೆಚ್ಚಿಸುವವು. ಈ ರೋಗದಲ್ಲಿ ಗರ್ಭವು ತಾಯಿಗೂ ಶಿಶುವಿಗೂ ಅಪಾಯ ತರಬಹುದಾದ್ದರಿಂದ ಮದುವೆಗೆ ಮೊದಲೇ ಗಂಡಿನ ಮನೆಯವರಿಗೆ ಸತ್ಯವನ್ನು ತಿಳಿಸಿ, ತಜ್ಞರ ಸಲಹೆಯನ್ನು ಕೇಳಬೇಕು.

6. ಪ್ರತಿಯೊಂದು ರಕ್ತಪರೀಕ್ಷೆಯ ಕಾಗದವನ್ನೂ ತಾರೀಖಿನ ಕ್ರಮದಲ್ಲಿ ಒಂದೇ ಚೀಲದಲ್ಲಿಡಬೇಕು. ಹಲವು ತಿಂಗಳ ಅಂಕಿಗಳನ್ನು ಒಟ್ಟಿಗೆ ನೋಡಿದಾಗಲೇ ವೈದ್ಯರಿಗೆ ರೋಗದ ನಡೆಯು ತಿಳಿಯುವದು.

ಹುಡುಗಿಯ ಓದನ್ನು ನಿಲ್ಲಿಸತಕ್ಕದ್ದಲ್ಲ. ಬಲವಿದ್ದಷ್ಟು ದಿನ ಶಾಲೆಗೆ ಬರಲಿ. ಬಲವಿಲ್ಲದ ದಿನ ಪಾಠವು ಮನೆಗೆ ಹೋಗಲಿ. ಬಾಗಿಲ ಮರೆಯಲ್ಲಿ ಕುಳ್ಳಿರಿಸಿದ ರೋಗಿಯು ಎರಡು ರೋಗಗಳನ್ನು ಅನುಭವಿಸುವಳು.

ನೆರೆಯವರ ಪಾಲು

ಬಹುಮಂದಿಗೆ ತಿಳಿಯದ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕು. ಮಗಳಿಗೆ ರಕ್ತ ಬೇಕೆಂದಾಗ ಅಣ್ಣತಮ್ಮಂದಿರು ತೋಳನ್ನು ಮುಂದೆ ಮಾಡುವದು ಸಹಜ. ಆದರೆ ಮುಂದೆ ಕಸಿಯಾಗಬಹುದಾದ ರೋಗಿಗೆ ರಕ್ತಸಂಬಂಧಿಗಳ ರಕ್ತವನ್ನು ಏರಿಸಬಾರದು. ಏಕೆಂದರೆ ರೋಗಿಯ ದೇಹವು ಆ ಮನೆಯವರ ಗುರುತುಗಳನ್ನು ಕಲಿತುಕೊಂಡು, ಮುಂದೆ ಅದೇ ಅಣ್ಣನ ಮಜ್ಜೆಯು ಬಂದಾಗ ತಿರಸ್ಕರಿಸುವ ಸಂಭವವುಂಟು. ಮಜ್ಜೆಯನ್ನು ಕೊಡಬಲ್ಲ ಅಣ್ಣನು ರಕ್ತವನ್ನು ಕೊಡದೆ ಇರಬೇಕು. ರಕ್ತವನ್ನು ನೆರೆಯವರು ಕೊಡಬೇಕು. ಎಷ್ಟೇ ಅನುಕೂಲವಂತರಾದರೂ, ಎಷ್ಟೇ ಪ್ರೀತಿಯುಳ್ಳವರಾದರೂ, ಈ ರೋಗದಲ್ಲಿ ಒಂದು ಮನೆಯು ತನ್ನ ಮಗಳನ್ನು ತಾನೊಂದೇ ಉಳಿಸಿಕೊಳ್ಳಲಾರದು.

ಕಿರುಬಿಲ್ಲೆಗಳನ್ನು ರಕ್ತನಿಧಿಯಲ್ಲಿ ಐದೇ ದಿನ ಇಡಬಹುದು. ವರ್ಷಕ್ಕೊಮ್ಮೆ ಉತ್ಸವದ ದಿನ ನೂರು ಜನರು ಕೊಟ್ಟ ರಕ್ತವು ಆರನೆಯ ದಿನದ ರೋಗಿಗೆ ಕಿರುಬಿಲ್ಲೆಯನ್ನು ಕೊಡಲಾರದು. ಸರದಿಯ ಮೇಲೆ ವರ್ಷವೆಲ್ಲ ಕೊಡುವವರು ಬೇಕು. 18ರಿಂದ 65 ವಯಸ್ಸಿನ, 45 ಕಿಲೋಗ್ರಾಮಿಗಿಂತ ಕಡಿಮೆಯಿಲ್ಲದ ತೂಕವುಳ್ಳ, 12.5 ಹೀಮೋಗ್ಲೋಬಿನ್ ಇರುವ ಆರೋಗ್ಯವಂತರು ರಕ್ತವನ್ನು ಕೊಡಬಹುದು. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ. ಮನೆಯಲ್ಲಿ ಹೊಂದುವ ಮಜ್ಜೆಯು ಸಿಕ್ಕದವರಿಗಾಗಿ ದಾನಿಗಳ ನೋಂದಣಿ ಮಾಡುವ ಸಂಸ್ಥೆಗಳೂ ಇವೆ: ಚೆನ್ನೈಯಲ್ಲಿ 2009ರಲ್ಲಿ ಆರಂಭವಾದ ದಾತ್ರಿ, ಬೆಂಗಳೂರಿನ ಡಿ.ಕೆ.ಎಮ್.ಎಸ್. ಪ್ರತಿಷ್ಠಾನ. ಹೆಸರನ್ನು ಬರೆಯಿಸುವಾಗ ಕೆನ್ನೆಯ ಒಳಬದಿಯನ್ನು ಹತ್ತಿಯ ಕಡ್ಡಿಯಿಂದ ಒರೆಸಿಕೊಡುವದಷ್ಟೇ ಕೆಲಸ. ಭಾರತೀಯ ರೋಗಿಗೆ ಭಾರತೀಯ ದಾನಿಯ ಮಜ್ಜೆಯೇ ಹೊಂದುವ ಸಂಭವ ಹೆಚ್ಚು. ಆದರೆ ಜಗತ್ತಿನ ಪಟ್ಟಿಗಳಲ್ಲಿ ನಮ್ಮವರ ಹೆಸರುಗಳು ಜನಸಂಖ್ಯೆಗೆ ತಕ್ಕಷ್ಟಿಲ್ಲ.

ಉಪಸಂಹಾರ

ಹನ್ನೆರಡು ವರ್ಷ ರಕ್ತಸ್ರಾವದಿಂದ ಬಳಲಿ, ಇದ್ದುದನ್ನೆಲ್ಲ ವೈದ್ಯರಿಗೆ ವ್ಯಯಮಾಡಿ, ಜನರ ಗುಂಪಿನಲ್ಲಿ ಹಿಂದಿನಿಂದ ಅಂಜುತ್ತ ಬಂದ ಸ್ತ್ರೀಯ ವೃತ್ತಾಂತವನ್ನು ಮಾರ್ಕನ ಸುವಾರ್ತೆಯಲ್ಲಿ ನಮ್ಮ ವಿದ್ಯಾರ್ಥಿನಿಯರೆಲ್ಲರೂ ಓದಿದ್ದಾರೆ. ಆಕೆಯ ರೋಗವು ಬೇರೆ. ಆದರೆ ಬಡತನ, ನಾಚಿಕೆ, ಒಂಟಿತನ ಈ ಮೂರೂ ನಾವು ವಿವರಿಸಿದ ರೋಗಿಯ ಮನೆಯಲ್ಲಿಯೂ ಇರುವವು. ಕರ್ತನು ಆ ಗುಂಪಿನ ನಡುವೆ ನಿಂತು ಆಕೆಯನ್ನು ಮುಂದಕ್ಕೆ ಕರೆದು, ಮಗಳೇ ಎಂದು ಮಾತಾಡಿಸಿದನೆಂಬುದನ್ನು ನಾವು ಮರೆಯಬಾರದು.

ಹೀಗಿರಲು ನಮ್ಮ ಹಳೆಯ ವಿದ್ಯಾರ್ಥಿನಿಯರೂ ಪಾಲಕರೂ ಈ ಪಾಠದಿಂದ ಮೂರು ಕಾರ್ಯಗಳನ್ನು ಕೈಕೊಳ್ಳಬೇಕೆಂದು ಬೇಡುತ್ತೇವೆ. ಕಬ್ಬಿಣದ ಮಾತ್ರೆಗೆ ಮಣಿಯದ ಬಿಳುಪನ್ನು ಕಂಡರೆ ಮೂರೂ ಕಣಗಳನ್ನು ಎಣಿಸುವ ಪರೀಕ್ಷೆಯನ್ನು ಮಾಡಿಸಿರಿ. ಮೈಯೊಳಗಿನ ಬದಲಾವಣೆಯನ್ನು ನಾಚದೆ ಹೇಳುವಷ್ಟು ಸಲಿಗೆಯನ್ನು ನಿಮ್ಮ ಹೆಣ್ಣುಮಕ್ಕಳಿಗೆ ಕೊಡಿರಿ. ಬೇರೊಬ್ಬರ ಮಗಳಿಗೆ ಬೇಕಾದ ರಕ್ತಕ್ಕೆ ನಿಮ್ಮ ಹೆಸರನ್ನು ಇಂದೇ ಬರೆಯಿಸಿಡಿರಿ. ಆ ಮಗಳಿಗೆ ಆಕೆಯ ಅಣ್ಣನು ರಕ್ತವನ್ನು ಕೊಡುವ ಹಾಗಿಲ್ಲ.